ಓದುಗರ ಪ್ರಶ್ನೆ: ಉಳಿದ ಮಾತ್ರೆ ಹೊಳೆಗೆ ಬೇಡ

ಪ್ರಶ್ನೆ: ತಂದೆಯವರು ತೀರಿಕೊಂಡ ಮೇಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಫಿಟ್ಸಿನ ಕಾರ್ಬಮಜೆಪಿನ್, ಅರ್ಧ ಬಾಟಲಿ ಸಿರಪ್ ಉಳಿದಿವೆ. ತೋಟದ ಬಸಿಗಾಲುವೆಗೆ ಸುರಿದರೆ ಹಳ್ಳ ಸೇರುತ್ತದೆ. ಬಚ್ಚಲೊಲೆಗೆ ಹಾಕಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಎರಡೂ ಬೇಡ. ಔಷಧ ಪೂರ್ತಿ ಸುಟ್ಟುಹೋಗುವಷ್ಟು ಬಿಸಿ ಬಚ್ಚಲೊಲೆಗಿಲ್ಲ. ಸ್ಟ್ರಿಪ್ಪಿನ ಪ್ಲಾಸ್ಟಿಕ್ ಹೊಗೆ ಮೀಯುವವರ ಮೂಗಿಗೆ, ಬೂದಿ ಕೊನೆಗೆ ತೋಟಕ್ಕೇ. ಇನ್‌ಹೇಲರ್ ಇದ್ದರಂತೂ ಸಿಡಿಯುತ್ತದೆ. ಹೂಳುವುದೂ ಸರಿಯಲ್ಲ: ನಮ್ಮ ಮಳೆಗೆ ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಳಿದು ಬಾವಿ ಮುಟ್ಟುತ್ತದೆ.

ನೀವು ಹೇಳಿದ ಎರಡೂ ಮಾತ್ರೆ ಹೊಳೆಗಳಿಗೆ ಹಳೆಯ ಪರಿಚಯ. 104 ದೇಶಗಳ 258 ನದಿಗಳ ನೀರು ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅತಿ ಹೆಚ್ಚು ಕಡೆ ಸಿಕ್ಕಿದ್ದು ಕಾರ್ಬಮಜೆಪಿನ್, ಮೆಟ್‌ಫಾರ್ಮಿನ್ ಮತ್ತು ಕೆಫೀನ್. ಮೆಟ್‌ಫಾರ್ಮಿನ್ ದೇಹದಲ್ಲಿ ಬದಲಾಗದೆ ಮೂತ್ರದಲ್ಲಿ ಹಾಗೇ ಹೊರಬರುತ್ತದೆ. ಕಾರ್ಬಮಜೆಪಿನ್ ಕೊಳಚೆ ನೀರಿನ ಶುದ್ಧೀಕರಣ ಘಟಕವನ್ನು ಹೆಚ್ಚುಕಡಿಮೆ ಇದ್ದಂತೆಯೇ ದಾಟುತ್ತದೆ.

ಅವಧಿ ಮೀರಿದ ಔಷಧಗಳನ್ನು 2016ರ ಘನತ್ಯಾಜ್ಯ ನಿಯಮಗಳೇ ಮನೆಯ ಅಪಾಯಕಾರಿ ಕಸದ ಪಟ್ಟಿಗೆ ಸೇರಿಸಿದವು. ಕಸದ ಗಾಡಿ ಬರುವ ಊರಾದರೆ ಬೇರೆ ಚೀಲದಲ್ಲಿ, ಹೇಳಿಯೇ ಕೊಡಿ. ಗಾಡಿ ಬರುವವರೆಗೆ ಹೀಗೆ ಮಾಡಿ: ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ. ಪುಡಿ ಮಾಡಬೇಡಿ, ಧೂಳು ಉಸಿರಿಗೆ ಹೋಗುತ್ತದೆ. ಒಂದು ಲೋಟ ಮಾತ್ರೆಗೆ ಎರಡು ಲೋಟ ಒದ್ದೆ ಕಾಫಿ ಚರಟ ಬೆರೆಸಿದರೆ ನಾಯಿ, ಮಕ್ಕಳು ಮುಟ್ಟುವುದಿಲ್ಲ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಟೇಪ್ ಸುತ್ತಿ. ಸಿರಪ್ಪನ್ನು ಮರದ ಹೊಟ್ಟಿಗೆ ಹೀರಿಸಿ ಅದೇ ಡಬ್ಬಿಗೆ ಹಾಕಿ. ಬಾಟಲಿ ತೊಳೆದರೆ ಆ ನೀರು ಮತ್ತೆ ಬಚ್ಚಲಿಗೇ ಹೋಯಿತಲ್ಲ!

ಪ್ರಶ್ನೆ: ಅಮ್ಮ ಮಂಡಿನೋವಿಗೆ ದಿನಾ ಡೈಕ್ಲೊಫಿನಾಕ್ ಜೆಲ್ ಹಚ್ಚುತ್ತಾರೆ. ಅದೂ ನೀರಿಗೆ ಸೇರುತ್ತದೆಯೇ?
– ಓದುಗರು, ಸಾಗರ

ಉತ್ತರ: ಸೇರುತ್ತದೆ, ಅದೂ ಧಾರಾಳವಾಗಿ. ಹಚ್ಚಿದ್ದರಲ್ಲಿ ರಕ್ತಕ್ಕೆ ಇಳಿಯುವುದು ಸುಮಾರು 6 ಶೇಕಡಾ ಮಾತ್ರ. ಉಳಿದದ್ದರಲ್ಲಿ ಬಹುಪಾಲು ಕೈ, ಸೀರೆ, ಸ್ನಾನದ ನೀರಿನ ಪಾಲು. ಹಚ್ಚಿದ ಕೈಯನ್ನು ತೊಳೆಯುವ ಮೊದಲು ಕಾಗದದಲ್ಲಿ ಒರೆಸಿ, ಕಾಗದವನ್ನು ಕಸಕ್ಕೆ ಹಾಕಲಿ. ಜೆಲ್ಲನ್ನು ಸ್ನಾನ ಮುಗಿಸಿ ಹಚ್ಚಲಿ, ಸ್ನಾನದ ಮೊದಲಲ್ಲ. ವರ್ಷಕ್ಕೊಮ್ಮೆ ಕಪಾಟು ಖಾಲಿ ಮಾಡುವುದಕ್ಕಿಂತ ದಿನಾ ಮಾಡುವ ಈ ಸಣ್ಣ ಕೆಲಸವೇ ನನ್ನ ಲೆಕ್ಕದಲ್ಲಿ ಹೆಚ್ಚು ಉಪಯೋಗದ್ದು.

ಪ್ರಶ್ನೆ: ತುಂಗೆಯ ನೀರು ಕುದಿಸಿ ಕುಡಿದರೆ ಔಷಧದ ಅಂಶ ಹೋಗುತ್ತದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಕುದಿಸಿದರೆ ಸಾಯುವುದು ರೋಗಾಣು, ಇಂಥ ಔಷಧಗಳು ಹೋಗುವುದಿಲ್ಲ. ಆದರೆ ನದಿ ನೀರಿನಲ್ಲಿ ಇವು ಸಾಮಾನ್ಯವಾಗಿ ಲೀಟರಿಗೆ ನ್ಯಾನೋಗ್ರಾಂ, ಮೈಕ್ರೋಗ್ರಾಂ ಲೆಕ್ಕದಲ್ಲಿರುತ್ತವೆ, ಮಾತ್ರೆಯಲ್ಲಿರುವುದು ಮಿಲಿಗ್ರಾಂ. ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು ಮೈಕ್ರೋಗ್ರಾಂ, ಹತ್ತು ಲಕ್ಷದಲ್ಲೊಂದು ಪಾಲು ನ್ಯಾನೋಗ್ರಾಂ. ಗಾಬರಿ ಬೇಡ. ಪಾಡು ಮೀನಿನದು, ಹಗಲೂ ರಾತ್ರಿ ಅದರಲ್ಲೇ ಉಸಿರಾಡಬೇಕು. ಕೆನಡಾದ ಒಂದು ಪ್ರಯೋಗದ ಕೆರೆಗೆ 2001ರಿಂದ ಮೂರು ಬೇಸಿಗೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನನ್ನು ಲೀಟರಿಗೆ 5–6 ನ್ಯಾನೋಗ್ರಾಂ ಇರುವಂತೆ ಬೆರೆಸಿದರು. ಗಂಡು ಮೀನುಗಳಲ್ಲಿ ಮೊಟ್ಟೆಯ ಪ್ರೋಟೀನ್ ಹುಟ್ಟಿತು, ಒಂದು ಜಾತಿಯ ಸಣ್ಣ ಮೀನಿನ ಸಂತತಿ ಅಲ್ಲಿ ಹೆಚ್ಚುಕಡಿಮೆ ಅಳಿದೇಹೋಯಿತು.

ಪ್ರಶ್ನೆ: ಕೆಲವು ಮಾತ್ರೆ ಫ್ಲಷ್ ಮಾಡಿ ಎಂದು ಸರ್ಕಾರವೇ ಹೇಳಿದೆಯಂತೆ, ನಿಜವೇ?
– ಓದುಗರು, ಹೊಸನಗರ

ಉತ್ತರ: ನಿಜ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ 17 ಔಷಧಗಳ ಪಟ್ಟಿ ಕೊಟ್ಟಿದೆ. ತೀವ್ರ ನೋವಿಗೆ ಕೊಡುವ ಫೆಂಟನಿಲ್, ಟ್ರಮಡಾಲ್, ಆತಂಕಕ್ಕೆ ಕೊಡುವ ಡಯಾಜೆಪಾಮ್ ಅದರಲ್ಲಿವೆ. ಇಂಥವು ಮಗುವಿನ ಕೈಗೆ ಸಿಕ್ಕರೆ ಒಂದೇ ಡೋಸ್ ಪ್ರಾಣ ತೆಗೆಯಬಹುದು. ಅದಕ್ಕೇ ಈ ವಿನಾಯಿತಿ. ಮೆಟ್‌ಫಾರ್ಮಿನ್ನಿಗೆ, ಆಂಟಿಬಯಾಟಿಕ್ಕಿಗೆ ಇದು ಅನ್ವಯಿಸುವುದಿಲ್ಲ.