ಪ್ರತಿಭೆಯಿದ್ದೂ ದೊಡ್ಡ ಬಾಕ್ಸರ್‌ಗಳು ಬೇಗ ಕುಸಿಯುವುದೇಕೆ?

ಬಾಕ್ಸಿಂಗ್‌ನ ಅತಿ ಭಾರದ ವಿಭಾಗವಾದ ಹೆವಿವೇಟ್‌ನಲ್ಲಾದರೆ ಮೊದಲು ತೂಕದ ಲೆಕ್ಕ ನೋಡಿ. ಆ ವಿಭಾಗಕ್ಕೆ ಮೇಲ್ಮಿತಿಯೇ ಇಲ್ಲ. ಕೆಳಗಿನ ವಿಭಾಗದವನು ಮಿತಿ ಮೀರಿದರೆ ದಂಡ ಕಟ್ಟಬೇಕು, ಪಟ್ಟವೂ ಹೋಗಬಹುದು. ಹೆವಿವೇಟ್‌ಗೆ ತಕ್ಕಡಿಯ ಭಯವಿಲ್ಲ.

ಬಸ್ಟರ್ ಡಗ್ಲಸ್ 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ ಆಗಿನ ವಿಶ್ವ ಚಾಂಪಿಯನ್ ಮೈಕ್ ಟೈಸನ್‌ನನ್ನು ಹತ್ತನೇ ಸುತ್ತಿನಲ್ಲಿ ಕೆಡವಿದಾಗ ಸುಮಾರು 231 ಪೌಂಡ್ ಇದ್ದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಇವಾಂಡರ್ ಹೋಲಿಫೀಲ್ಡ್ ಎದುರು 246. ಮೂರನೇ ಸುತ್ತಿನಲ್ಲಿ ದೂರದಿಂದ ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಹೊಡೆಯುವ ಗುದ್ದು) ಎಸೆದ, ಗುರಿ ತಪ್ಪಿತು. ಹೋಲಿಫೀಲ್ಡ್‌ನ ಬಲಗೈ ಹೊಡೆತಕ್ಕೆ ಮಲಗಿದವನು ಏಳಲಿಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ನಷ್ಟ ರಿಡಿಕ್ ಬೋವ್. 6 ಅಡಿ 5 ಅಂಗುಲದ ಆಳು, ದೂರದಿಂದ ಜ್ಯಾಬ್ (ಮುಂದಿನ ಕೈಯ ಚುರುಕಾದ ನೇರ ಗುದ್ದು) ಎಷ್ಟು ಚೆನ್ನಾಗಿತ್ತೋ ಮೈಗೆ ಮೈ ತಾಗಿಸಿಕೊಂಡು ಹೊಡೆಯುವುದೂ ಅಷ್ಟೇ ಚೆನ್ನ. ಆ ಗಾತ್ರದವರಲ್ಲಿ ಎರಡೂ ಇರುವುದು ಅಪರೂಪ. 1992ರ ನವೆಂಬರ್‌ನಲ್ಲಿ 235 ಪೌಂಡ್‌ನಲ್ಲಿ ಹೋಲಿಫೀಲ್ಡ್‌ನನ್ನು ಸೋಲಿಸಿ ಪಟ್ಟ ಗೆದ್ದ. ಮರುವರ್ಷದ ಮರುಪಂದ್ಯಕ್ಕೆ ಬಂದದ್ದು 246 ಪೌಂಡ್‌ನಲ್ಲಿ (ಹೌದು, ಡಗ್ಲಸ್‌ನದೇ ಅಂಕಿ, ಎದುರಾಳಿಯೂ ಅದೇ ಹೋಲಿಫೀಲ್ಡ್!). ಅಂಕಗಳ ಮೇಲೆ ಕೂದಲೆಳೆಯಲ್ಲಿ ಸೋತ. 1996ರಲ್ಲಿ ಪೋಲೆಂಡಿನ ಆಂಡ್ರ್ಯೂ ಗೊಲೋಟಾ ಎದುರಿನ ಮೊದಲ ಪಂದ್ಯಕ್ಕೆ 252. ಎರಡು ಪಂದ್ಯಗಳಲ್ಲೂ ಗೊಲೋಟಾ ಸೊಂಟದ ಕೆಳಗೆ ಹೊಡೆದು ಅನರ್ಹನಾದದ್ದರಿಂದ ಗೆಲುವು ಸಿಕ್ಕಿತು, ಆದರೆ ತಿಂದ ಏಟುಗಳಿಗೆ ಲೆಕ್ಕವಿಲ್ಲ.

ಹತ್ತು ಪೌಂಡ್ ಕೊಬ್ಬು ಸಾಮಾನ್ಯವಾಗಿ ಮೊದಲ ಕೆಲವು ಸುತ್ತುಗಳಲ್ಲಿ ಕಾಣುವುದಿಲ್ಲ. ಆಮೇಲೆ ಕಾಲು ನಿಧಾನವಾಗುತ್ತದೆ, ಜ್ಯಾಬ್ ಎಸೆದ ಕೈ ಗಲ್ಲದ ಬಳಿಗೆ ತಡವಾಗಿ ಮರಳುತ್ತದೆ, ಆ ಸಂದಿಯಲ್ಲೇ ಏಟು ಬೀಳುತ್ತದೆ.