ಅಟ್ಟದಲ್ಲಿ ಸಿಕ್ಕ ಹಳೆಯ 486 ಕಂಪ್ಯೂಟರ್ 1980 ಅಂತ ತೋರಿಸುತ್ತಿದೆ. ಇದೇನಾ ವೈ2ಕೆ? 1999ರಲ್ಲಿ ಮನೆಗಳಲ್ಲಿ ಇದನ್ನು ಹೇಗೆ ಪರೀಕ್ಷೆ ಮಾಡುತ್ತಿದ್ದರು?

ಯಾವ ತಾರೀಖು ತೋರಿಸುತ್ತಿದೆ ಅಂತ ಮೊದಲು ನೋಡಿ. 1 ಜನವರಿ 1980 ಇದ್ದರೆ ಬ್ಯಾಟರಿ ಸತ್ತಿದೆ ಅಷ್ಟೇ. ಇಷ್ಟು ವರ್ಷ ಅಟ್ಟದಲ್ಲಿದ್ದ ಮಷೀನಿಗೆ ಅದು ಸಹಜ. 4 ಜನವರಿ 1980 ಇದ್ದರೆ ಮಾತ್ರ ವೈ2ಕೆ, ಅಂದರೆ 1999 ಹೋಗಿ 2000 ಬಂದಾಗ ಕಂಪ್ಯೂಟರಿನ ತಾರೀಖು ತಪ್ಪುವ ತೊಂದರೆ. ಮೂರೇ ದಿನದ ವ್ಯತ್ಯಾಸ, ಆದರೆ ನಾವು ರೋಗ ಪತ್ತೆ ಹಚ್ಚುತ್ತಿದ್ದದ್ದು ಅದರಿಂದಲೇ. (ಬೋರ್ಡಿಗೇ ಬೆಸುಗೆ ಹಾಕಿದ ಉರುಟು ಬ್ಯಾಟರಿ ಇದ್ದರೆ ಹಸಿರು ಪಾಚಿ ಥರ ಏನಾದರೂ ಸೋರಿದೆಯಾ ನೋಡಿ. ಸೋರಿದ್ದರೆ ಇನ್ನೊಂದು ಸಲ ಆನ್ ಮಾಡಬೇಡಿ.)

ಆಗ ನಾನು ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೆ. ಸಂಜೆ ಹೊತ್ತು ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡುತ್ತಿದ್ದೆ. 1999ರ ದೀಪಾವಳಿ ಕಳೆದ ಮೇಲೆ ಭಾನುವಾರಗಳೆಲ್ಲ ಇದೇ ಕೆಲಸ. ಗಿರಾಕಿಗಳ ಮನೆಗೆ ಹೋಗುವುದು, ಡಿಸೆಂಬರ್ 31 ದಾಟಿಸಿ ನೋಡುವುದು, 50 ರೂಪಾಯಿ ಇಸ್ಕೊಂಡು ಬರುವುದು. ಜೇಬಿನಲ್ಲಿ ಡಾಸ್ (ವಿಂಡೋಸ್‌ಗೂ ಹಳೆಯ ಆಪರೇಟಿಂಗ್ ಸಿಸ್ಟಮ್) ಇರುವ ಒಂದು ಬೂಟ್ ಫ್ಲಾಪಿ, ಒಂದು ಸ್ಕ್ರೂಡ್ರೈವರ್.

ಫ್ಲಾಪಿಯಿಂದಲೇ ಮಷೀನ್ ಏಳಿಸಿ, ತಾರೀಖು 12-31-1999 ಅಂತ ಕೊಡಬೇಕು. ಡಾಸ್‌ಗೆ ತಿಂಗಳು ಮೊದಲು, ದಿನ ಆಮೇಲೆ. ಗಂಟೆ 23:58. ಎರಡು ನಿಮಿಷ ಕಾದರೆ ಸಾಮಾನ್ಯವಾಗಿ 2000 ಬಂದೇ ಬರುತ್ತಿತ್ತು. ಇಷ್ಟಕ್ಕೇ 'ಪಾಸು' ಅಂತ ಎದ್ದು ಬಂದವರೂ ಇದ್ದರು. ಆದರೆ ಮಷೀನ್ ಓಡುತ್ತಿರುವಾಗ ತಾರೀಖಿನ ಲೆಕ್ಕ ಇಡುವುದು ಡಾಸ್. ಆಫ್ ಆಗಿದ್ದಾಗ ಇಡುವುದು ಬ್ಯಾಟರಿಯ ಮೇಲೆ ನಡೆಯುವ ಗಡಿಯಾರದ ಚಿಪ್. ಹಾಗಾಗಿ ಮತ್ತೆ ಅದೇ ತಾರೀಖು ಕೊಟ್ಟು, ಸ್ವಿಚ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಆನ್ ಮಾಡಬೇಕು. ಅಷ್ಟರಲ್ಲಿ ಮನೆಯವರು ಕಾಫಿ ತಂದಿರುತ್ತಿದ್ದರು.

ತೊಂದರೆ ಇದ್ದದ್ದು ಆ ಚಿಪ್‌ನಲ್ಲಿ. ಅದು 1984ರ ಐಬಿಎಂ ಎಟಿ ಕಾಲದ ವಿನ್ಯಾಸ. ಇಸವಿಯ ಕೊನೆಯ ಎರಡು ಅಂಕಿ ಮಾತ್ರ ಅದಕ್ಕೆ ಗೊತ್ತು. ಮುಂದಿನ '19' ಬೇರೆ ಜಾಗದಲ್ಲಿ ಕೂತಿರುತ್ತದೆ, ಚಿಪ್ ಅದನ್ನು ಮುಟ್ಟುವುದಿಲ್ಲ. 99 ಹೋಗಿ 00 ಆದರೂ 19 ಅಲ್ಲೇ ಇರುತ್ತದೆ. ಅದನ್ನು ಗಮನಿಸಿ 20 ಮಾಡುವುದು ಬಯಾಸ್ ಕೆಲಸ, ಅಂದರೆ ಆನ್ ಮಾಡಿದ ಕೂಡಲೇ ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂನದು. ಹೊಸ ಬಯಾಸ್‌ಗಳು ಮಾಡುತ್ತಿದ್ದವು, ಹಳೆಯವು 1900 ಅಂತ ಒಪ್ಪಿಸುತ್ತಿದ್ದವು. ಡಾಸ್ ಪಾಲಿಗೆ ಕಾಲ ಶುರುವಾಗುವುದೇ 1980ರಲ್ಲಿ. ಅದಕ್ಕೆ 1900 ಅರ್ಥವಾಗದೆ 4 ಜನವರಿ 1980 ತೋರಿಸುತ್ತಿತ್ತು. 1994-95ರ ಕೆಲವು ಬಯಾಸ್‌ಗಳದು ಇನ್ನೂ ಮಜಾ, ನೇರ 2094ಕ್ಕೆ ಹಾರುತ್ತಿದ್ದವು.

ಮದ್ದು ಸುಲಭ. ಕೈಯಾರೆ ಒಂದು ಸಲ 2000 ಅಂತ ಟೈಪಿಸಿ, ಆಫ್ ಮಾಡಿ ಆನ್ ಮಾಡಿದರೆ ಎಷ್ಟೋ ಮಷೀನ್‌ಗಳಲ್ಲಿ ಅದು ನಿಲ್ಲುತ್ತಿತ್ತು. ನಿಲ್ಲದೆ ಹೋದರೆ, ಆನ್ ಆದಾಗ ತಾನೇ ಓಡುವ ಆಟೊಎಕ್ಸೆಕ್ ಫೈಲಿಗೆ ಡೇಟ್ ಅಂತ ಒಂದು ಸಾಲು ಸೇರಿಸುತ್ತಿದ್ದೆ. ಆನ್ ಮಾಡಿದಾಗಲೆಲ್ಲ ಕಂಪ್ಯೂಟರೇ ತಾರೀಖು ಕೇಳುತ್ತದೆ, ಗೋಡೆಯ ಕ್ಯಾಲೆಂಡರ್ ನೋಡಿ ಕೊಟ್ಟರಾಯಿತು. ಇದಕ್ಕಾಗಿ ಹೊಸ ಮದರ್‌ಬೋರ್ಡ್ ಹಾಕಿಸಿಕೊಂಡವರನ್ನೂ ನೋಡಿದ್ದೇನೆ. ಕೊನೆಗೆ ಫೆಬ್ರವರಿ 28 ದಾಟಿಸಿ 29 ಬರುತ್ತದಾ ಅಂತ ನೋಡಬೇಕು. 100ರಿಂದ ಭಾಗವಾಗುವ ವರ್ಷ ಅಧಿಕ ವರ್ಷವಲ್ಲ, ಆದರೆ 400ರಿಂದ ಭಾಗವಾದರೆ ಹೌದು. ಈ ಎರಡನೇ ಮಾತು ಮರೆತು ಪ್ರೋಗ್ರಾಂ ಬರೆದವರಿದ್ದರು.

ಫ್ಲಾಪಿಯಿಂದಲೇ ಯಾಕೆ ಅಂದರೆ, ಮೊದಲ ಮನೆಯಲ್ಲಿ ನಾನು ವಿಂಡೋಸ್ ಒಳಗೇ ತಾರೀಖು ಬದಲಿಸಿದ್ದೆ. ಟ್ರಯಲ್ ಆಂಟಿವೈರಸ್ ತನ್ನ ಅವಧಿ ಮುಗಿಯಿತು ಅಂತ ಬಾಗಿಲು ಹಾಕಿತು. ಸಾಲದ್ದಕ್ಕೆ ತಾರೀಖು ವಾಪಸ್ ಹಾಕುವುದನ್ನೂ ಮರೆತೆ. ಸೀರೆ ವ್ಯಾಪಾರದವರು ಅವರು. ಮೂರು ದಿನದ ಬಿಲ್ಲೆಲ್ಲ ಜನವರಿ 2000 ಅಂತ ಪ್ರಿಂಟ್ ಆದವು. ಅವರ ಆಡಿಟರ್ ಫೋನಿನಲ್ಲಿ ಬೈದದ್ದು ಇನ್ನೂ ಕಿವಿಯಲ್ಲಿದೆ. ಆಮೇಲೆ ಫ್ಲಾಪಿಯ ಲೇಬಲ್ ಮೇಲೆ 'ತಾರೀಖು ವಾಪಸ್' ಅಂತ ಬಾಲ್‌ಪೆನ್ನಲ್ಲಿ ಬರೆದುಕೊಂಡೆ.

ಇದೆಲ್ಲ ಗಡಿಯಾರದ ಕಥೆ. ನಿಜವಾದ ತಪ್ಪುಗಳು ಪ್ರೋಗ್ರಾಂಗಳಲ್ಲಿ ಇದ್ದವು. ಬಸವನಗುಡಿಯ ಒಬ್ಬ ವಿಮಾ ಏಜೆಂಟರ ಮನೆಗೆ ಹೋಗಿದ್ದೆ. ಹೊಸ ಪೆಂಟಿಯಂ 2, ಎರಡೂ ಪರೀಕ್ಷೆ ಪಾಸು. ಏಳುವ ಮೊದಲು ಸುಮ್ನೆ ಅವರ ಪಾಲಿಸಿ ರಿಜಿಸ್ಟರ್ ತೆಗೆಯಲು ಹೇಳಿದೆ. ಯಾರೋ ಹುಡುಗ ಫಾಕ್ಸ್‌ಪ್ರೊ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಬರೆದುಕೊಟ್ಟದ್ದು. 2014ಕ್ಕೆ ಮುಗಿಯುವ ಒಂದು ಪಾಲಿಸಿ ಹಾಕಿ ನೋಡಿದೆವು. ಇಸವಿಗೆ ಎರಡೇ ಅಂಕಿಯ ಜಾಗ, 14 ಅಂತ ಒತ್ತಿದೆ. ಪಾಲಿಸಿ ಹೋಗಿ 'ಅವಧಿ ಮುಗಿದವು' ಪಟ್ಟಿಯ ತಲೆಯ ಮೇಲೆ ಕೂತಿತು. ಪ್ರೋಗ್ರಾಂ ಲೆಕ್ಕದಲ್ಲಿ ಅದು 1914.

ನಾನು ಗಾಬರಿಯಾದೆ, ಅವರು ಆಗಲಿಲ್ಲ. "ಅದು ಎರಡು ವರ್ಷದಿಂದ ಹಂಗೇ ಮಾಡ್ತಿದೆ ಕಣಪ್ಪ. ಅಂಥವನ್ನೆಲ್ಲ ನಾನು ಡೈರೀಲಿ ಬರ್ಕೋತೀನಿ" ಅಂದರು.

ಫಾಕ್ಸ್‌ಪ್ರೊ ಫೈಲು ಇಸವಿಯನ್ನು ನಾಲ್ಕಂಕಿಯಲ್ಲೇ ಇಡುತ್ತದೆ. ಕೇಳುವ ಸ್ಕ್ರೀನ್ ಮಾತ್ರ ಎರಡಂಕಿ ಕೇಳಿ, ಮುಂದೆ 19 ತಾನೇ ಹಚ್ಚುತ್ತಿತ್ತು. ಸರಿ ಮಾಡಲು ಬೇಕಾದದ್ದು ಒಂದೇ ಸಾಲು, ಸೆಟ್ ಸೆಂಚುರಿ ಆನ್. ಆದರೆ ಇಸವಿ ಎರಡು ಅಕ್ಷರ ದಪ್ಪಗಾದ ಕೂಡಲೇ ರಿಪೋರ್ಟಿನ ಕಾಲಂಗಳೆಲ್ಲ ಪಕ್ಕಕ್ಕೆ ಜರುಗಿ, ಪ್ರೀಮಿಯಂ ಮೊತ್ತ ಕಾಗದದ ಆಚೆ ಹೋಯಿತು. ಅದನ್ನು ಜೋಡಿಸುವುದರಲ್ಲಿ ಇಡೀ ಭಾನುವಾರ ಹೋಯಿತು. ಊಟವೂ ಅಲ್ಲೇ.

ಎಕ್ಸೆಲ್ 97ರದು ಇನ್ನೊಂದು ಥರ. ಇಸವಿ 29 ಅಂತ ಹಾಕಿದರೆ 2029, 30 ಅಂತ ಹಾಕಿದರೆ 1930. ಒಬ್ಬರು ಮನೆಮಂದಿಯ ಜನ್ಮದಿನದ ಪಟ್ಟಿ ಮಾಡಿಟ್ಟಿದ್ದರು. 1928ರಲ್ಲಿ ಹುಟ್ಟಿದ ಅವರ ತಾಯಿ ಅದರ ಪ್ರಕಾರ ಇನ್ನೂ ಹುಟ್ಟಿಯೇ ಇರಲಿಲ್ಲ! ವಿಂಡೋಸ್ 3.1ರ ಫೈಲ್ ಮ್ಯಾನೇಜರ್ 2000ದ ಫೈಲುಗಳ ಇಸವಿಯನ್ನು ':0' ಅಂತ ತೋರಿಸುತ್ತಿತ್ತು. ಕಂಪ್ಯೂಟರಿನ ಅಕ್ಷರಪಟ್ಟಿಯಲ್ಲಿ 9ರ ಮುಂದಿನ ಚಿಹ್ನೆ ಆ ಎರಡು ಚುಕ್ಕಿಯೇ. ನೋಡಲು ವಿಚಿತ್ರ, ಫೈಲಿಗೇನೂ ಆಗುತ್ತಿರಲಿಲ್ಲ.

ಡಿಸೆಂಬರ್ 31 ಶುಕ್ರವಾರ. ಮಾರನೇ ದಿನ ಬೆಳಗ್ಗೆ ಅಂಗಡಿ ತೆಗೆದು ಫೋನ್ ಪಕ್ಕವೇ ಕೂತಿದ್ದೆವು. ಹನ್ನೊಂದರವರೆಗೂ ಸದ್ದಿಲ್ಲ. ಆಮೇಲೆ ರಾಜಾಜಿನಗರದಿಂದ ಒಂದು ಫೋನ್ ಬಂತು, ಹಿರಿಯರ ಧ್ವನಿ, ಸ್ವಲ್ಪ ನಡುಗುತ್ತಿತ್ತು.

"ಕಂಪ್ಯೂಟರ್ ನನ್ನ ಹತ್ರ ತಾರೀಖು ಕೇಳ್ತಿದೆಯಪ್ಪ. ವೈ2ಕೆ ಬಂದ್ಬಿಡ್ತಾ?"

ನಾನೇ ಸೇರಿಸಿದ್ದ ಸಾಲು ಅದು. "ಕ್ಯಾಲೆಂಡರ್ ನೋಡಿ ಕೊಡಿ ಸಾರ್" ಅಂದೆ.

"ಹೊಸ ಕ್ಯಾಲೆಂಡರ್ ಇನ್ನೂ ತಂದಿಲ್ವಲ್ಲ" ಅಂದರು.