ಶಿಳ್ಳೆ ಕಡಿಮೆ ಆಗಿದೆಯಾ? ಸಕಲೇಶಪುರದ ಕಡೆಯಿಂದ ಒಂದು ಉತ್ತರ

ಮೊದಲೆಲ್ಲ ರಸ್ತೆಯಲ್ಲಿ, ಕೆಲಸದ ಜಾಗದಲ್ಲಿ ಜನ ಸುಮ್ನೆ ಶಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದರು, ಈಗ ಕೇಳುವುದೇ ಇಲ್ಲ, ಇದು ನಿಜವಾ ಅಥವಾ ನನಗೆ ಹಾಗನ್ನಿಸುತ್ತಿದೆಯಾ ಅಂತ ಕೇಳಿದ್ದೀರಿ. ಜೊತೆಗೆ, ದೊಡ್ಡವರಾದ ಮೇಲೆ ಕಲಿಯಬಹುದಾ ಅಂತಲೂ ಕೇಳಿದ್ದೀರಿ.

ನಿಜ, ಕಡಿಮೆ ಆಗಿದೆ. ಆದರೆ ಎಲ್ಲ ಥರದ ಶಿಳ್ಳೆಯೂ ಒಂದೇ ಸಮ ಕಡಿಮೆ ಆಗಿಲ್ಲ. ಮನುಷ್ಯ ಮನುಷ್ಯನನ್ನು ಕರೆಯಲು ಹಾಕುತ್ತಿದ್ದದ್ದು ಹೆಚ್ಚುಕಡಿಮೆ ಹೋಯಿತು. ತನ್ನ ಪಾಡಿಗೆ ತಾನು ಹಾಕಿಕೊಳ್ಳುತ್ತಿದ್ದದ್ದು ಹೋಗುತ್ತಾ ಇದೆ. ಪ್ರಾಣಿಗಳಿಗೆ ಹಾಕುವುದು ಮಾತ್ರ ಅಲ್ಲಲ್ಲಿ ಗಟ್ಟಿಯಾಗಿ ನಿಂತಿದೆ. ನಮ್ಮದು ಸಕಲೇಶಪುರದ ಕಡೆ ಸ್ವಲ್ಪ ಕಾಫಿ ತೋಟ. ನೆಂಟರು ಅರಸೀಕೆರೆ, ಕಡೂರು ಕಡೆಯ ಬಯಲುಸೀಮೆಯವರು. ಎರಡೂ ಕಡೆ ಕಂಡಿದ್ದನ್ನು ಹೇಳುತ್ತೇನೆ.

ಮಲೆನಾಡಲ್ಲಿ ಮನೆಗಳು ಒಂದರ ಪಕ್ಕ ಒಂದು ಇರುವುದಿಲ್ಲ. ಒಂದು ಮನೆ ಈ ಗುಡ್ಡದಲ್ಲಿ, ಇನ್ನೊಂದು ಹಳ್ಳ ದಾಟಿ ಆ ಕಡೆ. ಹೆಸರು ಹಿಡಿದು ಕೂಗಿದರೆ ಅರ್ಧ ದಾರಿಯಲ್ಲೇ ಮಾತು ಕಲಸಿಹೋಗುತ್ತದೆ. ಅದಕ್ಕೆ ಹೆಂಗಸರು 'ಕೂ' ಹಾಕುತ್ತಿದ್ದರು, ಗಂಡಸರು ಶಿಳ್ಳೆ ಹೊಡೆಯುತ್ತಿದ್ದರು. ಊಟಕ್ಕೆ ಬಾ, ದನ ಗದ್ದೆಗೆ ಇಳಿದಿದೆ, ಯಾರೋ ಬಂದಿದ್ದಾರೆ, ಇಷ್ಟಕ್ಕೆ ಸಾಕಾಗುತ್ತಿತ್ತು. ಈಗ ಅದೇ ಮನೆಯವರು ಅಂಗಳಕ್ಕೆ ಬಂದು ಸಿಗ್ನಲ್ ಹುಡುಕಿ ಫೋನ್ ಮಾಡುತ್ತಾರೆ. ಸಿಗ್ನಲ್ ಸಿಗದೇ ಹೋದರೆ ಬೈಕ್ ತೆಗೆಯುತ್ತಾರೆ. ಶಿಳ್ಳೆ ಯಾರಿಗೂ ನೆನಪಾಗುವುದಿಲ್ಲ.

ಶಿಳ್ಳೆ ದೂರ ಹೋಗುವುದಕ್ಕೆ ಕಾರಣ ಇದೆ. ನಾವು ಮಾತಾಡುವಾಗ ದನಿಯ ಶಕ್ತಿ ತಗ್ಗಿನಿಂದ ಎತ್ತರದವರೆಗೆ ಎಲ್ಲ ಕಡೆ ಹಂಚಿಹೋಗುತ್ತದೆ. ಶಿಳ್ಳೆಯಲ್ಲಿ ಅಷ್ಟೂ ಶಕ್ತಿ ಒಂದೇ ತೆಳುವಾದ ಸ್ವರದಲ್ಲಿ ಕೂಡಿರುತ್ತದೆ. ಅದೂ ಸುಮಾರು 1000ದಿಂದ 4000 ಹರ್ಟ್ಸ್ ನಡುವೆ, ನಮ್ಮ ಕಿವಿ ಚುರುಕಾಗಿರುವ ಜಾಗದಲ್ಲೇ. ಗಾಳಿಯ ಭೋರು ಅದಕ್ಕಿಂತ ಕೆಳಗಿನ ದನಿ. ಹಾಗಾಗಿ ಅದು ಶಿಳ್ಳೆಯನ್ನು ಪೂರ್ತಿ ಮುಚ್ಚುವುದಿಲ್ಲ.

ಬೆಟ್ಟಗುಡ್ಡದ ಜನ ಇದನ್ನು ಎಲ್ಲೆಲ್ಲೋ ಕಂಡುಕೊಂಡಿದ್ದಾರೆ. ಸ್ಪೇನ್‌ಗೆ ಸೇರಿದ ಲಾ ಗೊಮೆರಾ ದ್ವೀಪದಲ್ಲಿ ಸ್ಪ್ಯಾನಿಷ್ ಮಾತನ್ನೇ ಶಿಳ್ಳೆಯಲ್ಲಿ ಆಡುತ್ತಾರೆ. ಅದಕ್ಕೆ ಸಿಲ್ಬೊ ಅಂತ ಹೆಸರು. ಅದೂ ಅಳಿಯುವ ಹಾದಿ ಹಿಡಿದಿತ್ತು. 1999ರಿಂದ ಶಾಲೆಯಲ್ಲಿ ಪಾಠವಾಗಿ ಕಲಿಸಲು ಶುರು ಮಾಡಿದರು, 2009ರಲ್ಲಿ ಯುನೆಸ್ಕೊದ ಪರಂಪರೆ ಪಟ್ಟಿಗೂ ಸೇರಿತು. ಟರ್ಕಿಯ ಕಪ್ಪು ಸಮುದ್ರದ ಕಡೆಯ ಗುಡ್ಡಗಳಲ್ಲಿ ಇಂಥದ್ದೇ ಒಂದು ಶಿಳ್ಳೆ ಭಾಷೆ ಇದೆ. ಅದನ್ನು 2017ರಲ್ಲಿ ಯುನೆಸ್ಕೊ ತುರ್ತಾಗಿ ಉಳಿಸಬೇಕಾದವುಗಳ ಪಟ್ಟಿಗೆ ಹಾಕಿತು. ಅಲ್ಲಿ ಮುಖ್ಯ ಆರೋಪಿ ಯಾರು ಗೊತ್ತಾ? ಮೊಬೈಲ್. ನಮ್ಮಲ್ಲಿ ಶಿಳ್ಳೆ ಅಷ್ಟು ದೂರ ಬೆಳೆಯಲಿಲ್ಲ, ಬರೀ ಕರೆಯಾಗಿ ಉಳಿಯಿತು. ಆದರೆ ಹೋದದ್ದು ಅದೇ ದಾರಿಯಲ್ಲಿ.

ಕೆಲಸದಲ್ಲಿ ಶಿಳ್ಳೆ ಪೂರ್ತಿ ಹೋಗಿದೆ ಅಂತಲೂ ಹೇಳಲಾರೆ. ಮಳೆಗಾಲಕ್ಕೆ ಮೊದಲು ತೋಟದಲ್ಲಿ ಮರಗಸಿ ನಡೆಯುತ್ತದೆ. ನೆರಳಿನ ಮರ ಹತ್ತಿ ಕೊಂಬೆ ಸವರುವ ಕೆಲಸ. ಮೇಲಿದ್ದವನು ಒಂದು ಕೈಯಲ್ಲಿ ಮರ ತಬ್ಬಿರುತ್ತಾನೆ, ಇನ್ನೊಂದರಲ್ಲಿ ಕತ್ತಿ. ಕೊಂಬೆ ಬೀಳುವ ಮುಂಚೆ ಒಂದು ಚೂಪು ಶಿಳ್ಳೆ ಹೊಡೆಯುತ್ತಾನೆ. ಕೆಳಗಿದ್ದವನು ಜಾಗ ಬಿಟ್ಟು ತಾನೂ ಒಂದು ಹೊಡೆಯುತ್ತಾನೆ. ಆಮೇಲೇ ಕತ್ತಿ ಬೀಳುವುದು. ಒಮ್ಮೆ ಕೆಳಗಿಂದ ಉತ್ತರ ಬರಲಿಲ್ಲ. ಮೇಲಿದ್ದವನು ಕತ್ತಿ ಹಾಗೇ ಎತ್ತಿ ಹಿಡಿದು, 'ಏಯ್, ಇದ್ದೀಯೋ ಸತ್ತೀಯೋ, ಹೇಳಾ ಮಾರಾಯ' ಅಂತ ಬೈದ. ಕೆಳಗಿದ್ದವನ ಬಾಯಿ ತುಂಬ ಎಲೆಅಡಿಕೆ ಇತ್ತು, ಶಿಳ್ಳೆ ಹೊರಡಲಿಲ್ಲ ಅಷ್ಟೇ. ಎರಡು ಕೈಗೂ ಕೆಲಸ ಇರುವಾಗ ಫೋನ್ ಏನೂ ಮಾಡಲಾರದು ನೋಡಿ. ಮಲೆನಾಡಿನ ಖಾಸಗಿ ಬಸ್ಸುಗಳಲ್ಲೂ ಹೀಗೇ. ಬಾಗಿಲಲ್ಲಿ ನೇತಾಡುವ ಕ್ಲೀನರ್ ಕೆಲವೊಮ್ಮೆ ಪೀಪಿ ಬಿಟ್ಟು ಬಾಯಲ್ಲೇ ಮುಗಿಸುತ್ತಾನೆ. ಒಂದಕ್ಕೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು.

ಪ್ರಾಣಿಗಳ ಶಿಳ್ಳೆ ಬೇರೆಯದೇ. ನೀವು ಪೇಟೆಯವರಾದರೆ ಇದನ್ನು ನೋಡಿರಲಿಕ್ಕಿಲ್ಲ. ಎತ್ತಿಗೆ ನೀರು ಕುಡಿಸುವಾಗ ಶಿಳ್ಳೆ ಹಾಕುತ್ತಾರೆ. ಅರಸೀಕೆರೆ ಕಡೆಯ ನಮ್ಮ ಚಿಕ್ಕಪ್ಪ ಉಳುಮೆ ಮುಗಿಸಿ ಬಂದವರು ಎತ್ತುಗಳನ್ನು ಬಾನಿಯ ಹತ್ತಿರ ತರುತ್ತಿದ್ದರು. ಕಲಗಚ್ಚಿಗೆ ಒಂದು ಹಿಡಿ ಹಿಂಡಿ ಕದಡಿ, ಹಗ್ಗ ಸಡಿಲ ಬಿಟ್ಟು, ತುಟಿ ಸ್ವಲ್ಪವೇ ತೆರೆದು ಶುರು ಮಾಡುತ್ತಿದ್ದರು. ಹಾಡೂ ಇಲ್ಲ, ರಾಗವೂ ಇಲ್ಲ. ಒಂದೇ ಸ್ವರ, ಉದ್ದ, ಮೆಲ್ಲಗೆ, ಉಸಿರು ಮುಗಿಯುವ ತನಕ. ಎತ್ತು ಮೂತಿ ಇಳಿಸಿ ಸೊರ್ ಅಂತ ಎಳೆಯುತ್ತಿತ್ತು, ಗಂಟಲಲ್ಲಿ ನೀರಿಳಿಯುವುದು ಕಾಣುತ್ತಿತ್ತು. ಚಿಕ್ಕಪ್ಪ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಎಳೆಯ ಎತ್ತು ತಲೆ ಎತ್ತಿ ಅವರ ಮುಖವನ್ನೇ ನೋಡುತ್ತಿತ್ತು. ಮೂತಿಯಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಮತ್ತೆ ಶಿಳ್ಳೆ, ಮತ್ತೆ ತಲೆ ಕೆಳಗೆ. ನಾವು ಹುಡುಗರು ನಗಿಸಲು ಹೋದರೆ, 'ಸುಮ್ಕಿರ್ರೋ, ಅವು ಹೊಟ್ಟೆ ತುಂಬ ಕುಡೀಲಿ' ಅನ್ನುತ್ತಿದ್ದರು. ಈಗ ಆ ಮನೆಯಲ್ಲಿ ಎತ್ತಿಲ್ಲ. ಉಳುಮೆಗೆ ಬಾಡಿಗೆ ಟ್ರ್ಯಾಕ್ಟರ್ ಬರುತ್ತದೆ. ಚಿಕ್ಕಪ್ಪನ ಮಕ್ಕಳಿಗೆ ಆ ಶಿಳ್ಳೆ ಬರುವುದಿಲ್ಲ, ಬಂದರೂ ಹಾಕುವುದು ಯಾರಿಗೆ? ನನ್ನ ಲೆಕ್ಕದಲ್ಲಿ ನಿಜವಾಗಿ ಕಳೆದುಹೋಗಿರುವುದು ಇದೇ. ಸಿನಿಮಾ ಹಾಡಿನ ಶಿಳ್ಳೆ ಯಾರೋ ಒಬ್ಬರು ಮತ್ತೆ ಹಾಕಿಯಾರು. ಇದನ್ನು ಎತ್ತು ಇಲ್ಲದೆ ಕಲಿಯುವುದು ಕಷ್ಟ.

ಕುರಿ ಕಾಯುವವರ ಕಥೆ ಮಾತ್ರ ಉಲ್ಟಾ. ಬೇಸಿಗೆಯಲ್ಲಿ ಕಡೂರು, ಅರಸೀಕೆರೆ ಕಡೆ ಹೊಲಗಳಲ್ಲಿ ಗೊಬ್ಬರಕ್ಕೆ ಅಂತ ಕುರಿ ಮಂದೆ ನಿಲ್ಲಿಸುತ್ತಾರೆ. ಆ ಹುಡುಗರ ಜೇಬಲ್ಲೂ ಒಳ್ಳೇ ಫೋನ್ ಇದೆ, ಇನ್‌ಸ್ಟಾಗ್ರಾಮ್ ಇದೆ. ಆದರೆ ಮಂದೆಯ ತುದಿಯಲ್ಲಿ ಒಂದು ಟಗರು ರಾಗಿ ಹೊಲದ ಕಡೆ ತಿರುಗಿತು ಅಂದರೆ ಎರಡು ಬೆರಳು ಬಾಯಿಗೆ ಹೋಗುತ್ತದೆ. ಟಗರಿಗೆ ಫೋನ್ ಮಾಡೋಕಾಗಲ್ಲ ಅಲ್ವಾ? ಹಾಗಾಗಿ ಶಿಳ್ಳೆ ಕೇಳಬೇಕು ಅಂತ ನಿಮಗೆ ಆಸೆ ಇದ್ದರೆ ಬೆಂಗಳೂರು ರಸ್ತೆಯಲ್ಲಿ ಹುಡುಕಬೇಡಿ, ಕುರಿ ಮಂದೆ ಹುಡುಕಿ.

ಇನ್ನು ಸುಮ್ನೆ ಹಾಕಿಕೊಳ್ಳುವ ಶಿಳ್ಳೆ. ನೀವು ಕೇಳಿದ್ದು ಮುಖ್ಯವಾಗಿ ಇದನ್ನೇ ಅನ್ನಿಸುತ್ತದೆ.

ನಮ್ಮ ಪಕ್ಕದ ತೋಟದಲ್ಲಿ ಹಿಂದೆ ಒಬ್ಬರು ರೈಟರ್ ಇದ್ದರು. ಹಾಜರಿ ಬರೆದು, ಲೆಕ್ಕ ನೋಡುವ ಕೆಲಸ. ಬೆಳಿಗ್ಗೆ ಸೈಕಲ್ ತಳ್ಳಿಕೊಂಡು ಏರು ಹತ್ತುವಾಗ ಹಳೇ ಕನ್ನಡ ಹಾಡುಗಳನ್ನು ಶಿಳ್ಳೆಯಲ್ಲೇ ಹಾಡಿಕೊಂಡು ಬರುತ್ತಿದ್ದರು. ಚರಣ ಮುಗಿಯುವಷ್ಟರಲ್ಲಿ ತೋಟದಲ್ಲಿದ್ದವರು ಬೀಡಿ ಆರಿಸಿ, ಕತ್ತಿ ಕೈಗೆತ್ತಿಕೊಂಡು, ಬಹಳ ಹೊತ್ತಿನಿಂದ ಕೆಲಸ ಮಾಡುತ್ತಿದ್ದವರ ಮುಖ ಮಾಡಿ ನಿಲ್ಲುತ್ತಿದ್ದರು. ರೈಟರ್‌ಗೂ ಇದು ಗೊತ್ತಿತ್ತು ಅಂತ ನನ್ನ ಗುಮಾನಿ. ಈಗಿನ ರೈಟರ್ ಸ್ಕೂಟರ್‌ನಲ್ಲಿ ಬರುತ್ತಾರೆ, ಕಿವಿಯಲ್ಲಿ ಇಯರ್‌ಫೋನ್. ಕಾಫಿ ಕೊಯ್ಲಿಗೆ ಬರುವವರ ಸೊಂಟದಲ್ಲಿ, ಜೇಬಲ್ಲಿ ಫೋನ್ ತಾನೇ ಹಾಡುತ್ತಿರುತ್ತದೆ. ಒಂದು ಸಾಲಿನಲ್ಲಿ ಅಸ್ಸಾಮಿನ ಹಾಡು, ಪಕ್ಕದ ಸಾಲಿನಲ್ಲಿ ಕನ್ನಡದ್ದು. ಹಾಡಿಗೆ ಬರ ಇಲ್ಲ. ಆದರೆ ಹಾಡು ಹೊರಗಿಂದ ಬರುತ್ತಾ ಇದ್ದರೆ ಬಾಯಿ ಯಾಕೆ ಕೆಲಸ ಮಾಡುತ್ತದೆ ಹೇಳಿ? ಮೊದಲು ಒಬ್ಬನೇ ನಡೆಯುವಾಗ ತಲೆಯೊಳಗೆ ಅರ್ಧ ನೆನಪಿದ್ದ ಹಾಡು ತುಟಿಗೆ ಬರುತ್ತಿತ್ತು. ಈಗ ಪೂರ್ತಿ ಹಾಡು, ವಾದ್ಯ ಸಮೇತ, ಕಿವಿಯಲ್ಲೇ ಇದೆ. ಬೈಕ್ ಮೇಲೆ ಹೆಲ್ಮೆಟ್ ಒಳಗೆ ಶಿಳ್ಳೆ ಹಾಕಿದರೂ ಕೇಳುವವರು ಯಾರೂ ಇಲ್ಲ.

ಈಗಿನ ಹಾಡುಗಳು ಶಿಳ್ಳೆಗೆ ಒಗ್ಗುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಅರ್ಧ ನಿಜ. ಬರೀ ತಾಳದ ಮೇಲೆ ನಿಂತ ಹಾಡನ್ನು ಶಿಳ್ಳೆಯಲ್ಲಿ ಹಿಡಿಯಲಾಗದು. ಆದರೆ ಮೆಲೊಡಿ ಈಗಲೂ ಬರುತ್ತಿದೆ, ಅದನ್ನೂ ಯಾರೂ ಶಿಳ್ಳೆ ಹಾಕುತ್ತಿಲ್ಲ.

ನಮ್ಮ ಕಡೆಯದ್ದೇ ಇನ್ನೊಂದು ಕಾರಣ ಇದೆ, ಆನೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಬೆಳಗಿನ ಜಾವ, ಸಂಜೆ ತೋಟದ ದಾರಿಯಲ್ಲಿ ನಡೆಯುವವರು ಈಗ ಕಿವಿ ತೆರೆದುಕೊಂಡು ನಡೆಯುತ್ತಾರೆ. ಎಲ್ಲಿ ಕೊಂಬೆ ಮುರಿದ ಸದ್ದು, ಎಲ್ಲಿ ಕಿವಿ ಬಡಿದ ಸದ್ದು ಅಂತ. ಅರಣ್ಯ ಇಲಾಖೆಯಿಂದ ಆನೆ ಎಲ್ಲಿದೆ ಅನ್ನುವ ಮೆಸೇಜ್ ವಾಟ್ಸಾಪ್ ಗ್ರೂಪಿಗೆ ಬರುತ್ತದೆ. ಅದನ್ನು ನೋಡಿಕೊಂಡು ಹೊರಟವನಿಗೆ ಶಿಳ್ಳೆ ಹಾಕುವ ಮನಸ್ಸು ಎಲ್ಲಿಂದ ಬರಬೇಕು.

ಮನೆಯಲ್ಲಿ ಬೈಯುತ್ತಿದ್ದದ್ದೂ ಸ್ವಲ್ಪ ಕಾರಣ ಇರಬಹುದು. ರಾತ್ರಿ ಶಿಳ್ಳೆ ಹಾಕಿದರೆ ಹಾವು ಬರುತ್ತದೆ ಅಂತ ನೀವೂ ಕೇಳಿರುತ್ತೀರಿ. ಹಾವಿಗೆ ಹೊರಗಿವಿ ಇಲ್ಲ. ಅದಕ್ಕೆ ಚೆನ್ನಾಗಿ ಗೊತ್ತಾಗುವುದು ನೆಲದ ಅದುರು ಮತ್ತು ತಗ್ಗಿನ ಸದ್ದು, ಶಿಳ್ಳೆಯಂಥ ಎತ್ತರದ ಸ್ವರ ಅಲ್ಲ. ನನ್ನನ್ನು ಕೇಳಿದರೆ ಇದು ಮಲಗಿದವರ ನಿದ್ದೆ ಕಾಯಲು ಹಿರಿಯರು ಕಟ್ಟಿದ ಮಾತು. ಹೆಣ್ಣುಮಕ್ಕಳು ಶಿಳ್ಳೆ ಹಾಕಿದರೆ ಮನೆಗೆ ದರಿದ್ರ ಅನ್ನುವುದಕ್ಕೆ ಆ ಸಮಾಧಾನವೂ ಇಲ್ಲ. ನಮ್ಮ ಅಕ್ಕ ನಮ್ಮೆಲ್ಲರಿಗಿಂತ ಚೆನ್ನಾಗಿ ಹಾಕುತ್ತಿದ್ದಳು. ಅಜ್ಜಿ ಬೈದು ಬೈದು ಬಿಡಿಸಿದರು. ಈಗ ಅವಳ ಮಗಳು ಹಾಲ್‌ನಲ್ಲೇ ಕೂತು ಬೆರಳಿಟ್ಟು ಹೊಡೆಯುತ್ತಾಳೆ, ಅಕ್ಕ ಏನೂ ಅನ್ನುವುದಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ, ಕಾಲೇಜ್ ಗೇಟಿನಲ್ಲಿ ಹುಡುಗಿಯರನ್ನು ನೋಡಿ ಹಾಕುತ್ತಿದ್ದ ಶಿಳ್ಳೆ ಕಡಿಮೆ ಆಗಿದ್ದರೆ ಒಳ್ಳೆಯದೇ ಆಯಿತು. ಅದಕ್ಕೆ ಯಾರೂ ಕಣ್ಣೀರು ಹಾಕಬೇಕಾಗಿಲ್ಲ. ಹೆಣ್ಣುಮಕ್ಕಳ ಮರ್ಯಾದೆ ತೆಗೆಯುವ ಉದ್ದೇಶದಿಂದ ಸದ್ದು ಮಾಡಿದರೂ ಅಪರಾಧ ಅಂತ ಹಿಂದೆ ಐಪಿಸಿ 509ರಲ್ಲಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 79ನೇ ಸೆಕ್ಷನ್. ಮೂರು ವರ್ಷದವರೆಗೆ ಜೈಲು ಮತ್ತು ದಂಡ.

ಸಿನಿಮಾ ಟಾಕೀಸಿನ ಶಿಳ್ಳೆ ಸತ್ತಿಲ್ಲ. ಹಾಸನದಲ್ಲಿ ದೊಡ್ಡ ಹೀರೋ ಸಿನಿಮಾದ ಮೊದಲ ದಿನದ ಶೋಗೆ ಹೋಗಿ ನೋಡಿ. ಆದರೆ ಒಂದು ಬದಲಾವಣೆ ಇದೆ. ಹೀರೋ ಪರದೆ ಮೇಲೆ ಬಂದ ತಕ್ಷಣ ಮೊದಲು ಬೆರಳು ಬಾಯಿಗೆ ಹೋಗುತ್ತಿತ್ತು. ಈಗ ಅರ್ಧ ಜನರ ಕೈ ಮೇಲೆ ಹೋಗುತ್ತದೆ, ವಿಡಿಯೋ ಮಾಡಲು. ಆ ವಿಡಿಯೋದಲ್ಲಿ ಕೇಳುವ ಶಿಳ್ಳೆ ಉಳಿದ ಅರ್ಧ ಜನರದ್ದು.

ವೇದಿಕೆ ಮೇಲೂ ಶಿಳ್ಳೆ ಇದೆ. ಆಂಧ್ರದ ಕೊಮರವೋಲು ಶಿವಪ್ರಸಾದ್ ಶಿಳ್ಳೆಯಲ್ಲೇ ಕರ್ನಾಟಕ ಸಂಗೀತದ ಕಛೇರಿ ಮಾಡಿದವರು. ಶಿಳ್ಳೆ ಹಾಕುವವರದ್ದೇ ಇಂಡಿಯನ್ ವಿಸ್ಲರ್ಸ್ ಅಸೋಸಿಯೇಷನ್ ಅಂತ ಸಂಘವೂ ಇದೆ. ಅದು ಕಲೆ, ಸಂತೋಷ. ನೀವು ಕೇಳಿದ ದಿನನಿತ್ಯದ ಶಿಳ್ಳೆಗೆ ಅದರಿಂದ ಏನೂ ಆಗುವುದಿಲ್ಲ.

ಕೊನೆಗೆ ಮಲೆನಾಡಲ್ಲಿ ನಿಯತ್ತಾಗಿ ಶಿಳ್ಳೆ ಹಾಕುವವನು ಒಬ್ಬನೇ, ಸಿಳ್ಳಾರ ಹಕ್ಕಿ. ಪಶ್ಚಿಮ ಘಟ್ಟದ ಹಳ್ಳಗಳ ಪಕ್ಕ ಇರುತ್ತದೆ. ಕಪ್ಪು ಮೈ, ಹೆಗಲ ಮೇಲೆ ಹೊಳೆಯುವ ನೀಲಿ. ಮಳೆಗಾಲದಲ್ಲಿ ಬೆಳಕು ಹರಿಯುವ ಮುಂಚೆಯೇ ಶುರು ಮಾಡುತ್ತದೆ. ಪೂರ್ತಿ ಹಾಡು ಗೊತ್ತಿಲ್ಲದ ಹುಡುಗ ನೆನಪಾದಷ್ಟನ್ನೇ ಎಳೆದ ಹಾಗಿರುತ್ತದೆ. ನಮ್ಮ ನೆಂಟರ ಹೋಂಸ್ಟೇಗೆ ಬಂದವರು ಬೆಳಿಗ್ಗೆ ಕಾಫಿ ಕುಡಿಯುತ್ತಾ, 'ಅಷ್ಟು ಹೊತ್ತಿಗೆ ಶಿಳ್ಳೆ ಹಾಕ್ತಾ ಇದ್ದಿದ್ದು ಯಾರು, ನಿಮ್ಮ ಕೆಲಸದವರಾ?' ಅಂತ ಕೇಳುವುದುಂಟು. ಹಕ್ಕಿ ಅಂದರೆ ಮೊದಲು ನಂಬುವುದಿಲ್ಲ.

ಇನ್ನು ಕಲಿಯುವ ವಿಷಯ. ಯಾವ ವಯಸ್ಸಲ್ಲೂ ಕಲಿಯಬಹುದು. ಮೊದಲು ತುಟಿ ಒದ್ದೆ ಮಾಡಿಕೊಳ್ಳಿ, ಒಣ ತುಟಿಗೆ ಬರುವುದಿಲ್ಲ. ತುಟಿಯನ್ನು 'ಊ' ಅನ್ನುವ ಹಾಗೆ ಇಡಿ, ಒಳಗೆ ನಾಲಿಗೆಯನ್ನು 'ಈ' ಅನ್ನುವ ಹಾಗೆ ಇಡಿ. ನಾಲಿಗೆಯ ತುದಿ ಕೆಳಗಿನ ಹಲ್ಲಿನ ಹಿಂದೆ ಇರಲಿ. ಮೆಲ್ಲಗೆ ಊದಿ. ಜೋರಾಗಿ ಊದಿದರೆ ಬರೀ ಗಾಳಿ ಬರುತ್ತದೆ, ಎಲ್ಲರೂ ಅಲ್ಲೇ ಎಡವುವುದು. ಒಂದು ಸ್ವರ ಹಿಡಿತಕ್ಕೆ ಸಿಕ್ಕ ಮೇಲೆ ನಾಲಿಗೆ ಸ್ವಲ್ಪ ಹಿಂದೆ ಸರಿಸಿ. ಬಾಯೊಳಗೆ ಜಾಗ ಜಾಸ್ತಿ ಆಗಿ ಸ್ವರ ಇಳಿಯುತ್ತದೆ. ಮುಂದೆ ತಂದರೆ ಏರುತ್ತದೆ. ತುಟಿಗಿಂತ ನಾಲಿಗೆಯದ್ದೇ ಕೆಲಸ ಜಾಸ್ತಿ. ಊದಿದರೆ ಬರದೇ ಹೋದರೆ ಗಾಳಿಯನ್ನು ಒಳಗೆ ಎಳೆದು ನೋಡಿ, ಕೆಲವರಿಗೆ ಅದೇ ಸುಲಭ. ಹಲ್ಲು ಸೆಟ್ ಹಾಕಿಸಿಕೊಂಡವರಿಗೆ ಮಾತ್ರ ಹೊಸದಾಗಿ ಅಭ್ಯಾಸ ಬೇಕಾಗುತ್ತದೆ. ಬೆರಳಿಟ್ಟು ಹೊಡೆಯುವ ಶಿಳ್ಳೆ ಬೇರೆ ವಿದ್ಯೆ. ಅದನ್ನು ಅಪಾರ್ಟ್‌ಮೆಂಟಿನಲ್ಲಿ ಕಲಿಯಲು ಹೋಗಬೇಡಿ, ಬರುವ ಮೊದಲೇ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ.